ಪೋತ್ನಾಳಕ್ಕೆ ಬಾರದ ವಹಿ

ಚಪ್ಪಲಿ ಸರಿಪಡಿಸುವ ನೆವದಲ್ಲಿ ಪಕೀರಪ್ಪ ಮೂರನೆಯ ಸಲ ಬಗ್ಗಿದ. ಬಗ್ಗಿದರೆ ಮಾತ್ರ ಕಿಟಕಿಯ ಸರಳುಗಳ ನಡುವಿನಿಂದ ಒಳಕೋಣೆಯ ಗೋಡೆಗೂಡು ಕಾಣುತ್ತಿತ್ತು. ಗೂಡಿನಲ್ಲಿ ಒಂದು ಕಂದೀಲು, ಬಳಪದ ಡಬ್ಬಿ, ಸಾಲಾಗಿ ಜೋಡಿಸಿದ ಪಠ್ಯಪುಸ್ತಕಗಳು. ಹಸಿರು ಬಟ್ಟೆಯ ಗಂಟು ಮಾತ್ರ ಇರಲಿಲ್ಲ.

“ಯಾಕ್ರೀ ಅಲ್ಲೇ ನಿಂತ್ರಿ? ಒಳಗ ಬರ್ರಿ, ಮಾರಿ ನೋಡ್ರಿ,” ಎಂದು ಬಾಗಿಲಲ್ಲಿ ಕುಳಿತಿದ್ದ ಮುದುಕನೊಬ್ಬ ಕರೆದ.

“ಚಪ್ಪಲಿ ಉಂಗುಟ ಹರದದ್ರಿ,” ಎಂದ ಪಕೀರಪ್ಪ. ಉಂಗುಟ ಗಟ್ಟಿಯಾಗಿಯೇ ಇತ್ತು.

ಹಂಪಯ್ಯ ಮಾಸ್ತರರನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕುಳ್ಳಿರಿಸಿದ್ದರು. ಕೊರಳಲ್ಲಿ ಚೆಂಡುಹೂವಿನ ಮಾಲೆ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಯಾರೋ ತಿಳಿದವರು ಕನ್ನಡಕವನ್ನೂ ಹಾಕಿದ್ದರು. ಆ ಗಾಜಿನ ಹಿಂದೆ ಮುಚ್ಚಿದ ಕಣ್ಣುಗಳನ್ನು ಕಂಡು ಪಕೀರಪ್ಪನಿಗೆ, ಇವರು ತನ್ನ ಪುಟ ಓದಿ ಮುಗಿಸಿ, ಉತ್ತರ ಕೊಡಲು ಮನಸ್ಸಿಲ್ಲದೆ ಸುಮ್ಮನೆ ಕೂತಿದ್ದಾರೆ ಅನ್ನಿಸಿತು. ಕಾಲು ಮುಟ್ಟಲು ಬಗ್ಗಿದವನು ಅಂಜಿ ಪಾದದ ಪಕ್ಕದ ನೆಲ ಮುಟ್ಟಿ ಎದ್ದ.

ಸುದ್ದಿ ತಂದವನು ಹುಲಿಗೆಪ್ಪ, ರಾಯಚೂರು–ಸಿಂಧನೂರು ಬಸ್ಸಿನ ಕಂಡಕ್ಟರ. ಬೆಳಿಗ್ಗೆ ಪಕೀರಪ್ಪನ ಕಚೇರಿಯ ಗೇಟಿನಲ್ಲೇ ನಿಂತು, “ಪೋತ್ನಾಳ ಮಾಸ್ತರ್ರು ಹೋದ್ರಿ! ಎದಿ ಹಿಡಕೊಂತಂತ. ಮೂರಕ್ಕ ಮಣ್ಣು,” ಎಂದು ಕೂಗಿ, ಬಸ್ಸು ಬಿಡುವ ಹೊತ್ತಾಯಿತೆಂದು ಓಡಿದ್ದ. ಮನುಷ್ಯನಾದವನ ಬಾಯಲ್ಲಿ ಆಗ ‘ಅಯ್ಯೋ’ ಬರಬೇಕು. ಪಕೀರಪ್ಪನ ಬಾಯಲ್ಲಿ ಬಂದದ್ದು “ವಹಿ ಮುಟ್ಟಿತ್ತೇನು?” ಎಂಬ ಪ್ರಶ್ನೆ. ಕೇಳುವಷ್ಟರಲ್ಲಿ ಹುಲಿಗೆಪ್ಪ ಇರಲಿಲ್ಲ. ಪ್ರಶ್ನೆಗೆ ಪಕೀರಪ್ಪನೇ ನಾಚಿದ. ಆದರೆ ನಾಚಿಕೆಯಿಂದ ಪ್ರಶ್ನೆ ಹೋಗಲಿಲ್ಲ. ಮುಂದಿನ ಬಸ್ಸು ಹತ್ತಿ, ನಿಂತುಕೊಂಡೇ ಬಂದು ಇಳಿದಾಗಲೂ ಅದು ಜೊತೆಗೇ ಇಳಿಯಿತು.

ಹನ್ನೆರಡು ದಿನದ ಹಿಂದೆ ಅವನು ಆ ವಹಿಯಲ್ಲಿ ಒಂದು ಪುಟ ಬರೆದು ಕಳಿಸಿದ್ದ. ಹಂಪಯ್ಯ ಅದನ್ನು ಓದಿದ್ದರೆ ಆಗುವುದು ಆಗಿಹೋಗಿದೆ. ಓದದಿದ್ದರೆ, ಉಳಿದವರ ಕೈಗೆ ಸಿಗುವ ಮೊದಲು ಆ ಹಾಳೆಯನ್ನು ಹರಿದು ಬಾಯಿಗೆ ಹಾಕಿಕೊಂಡು ನುಂಗಲೂ ಅವನು ತಯಾರಿದ್ದ. ಆದರೆ ಕೇಳುವುದು ಯಾರನ್ನು? ಸತ್ತ ಮನೆಯಲ್ಲಿ ಏನು ಕೇಳಬಹುದು, ಏನು ಕೇಳಬಾರದು ಎನ್ನುವುದು ಎಲ್ಲರಿಗೂ ಗೊತ್ತಿದೆ. ಯಾವಾಗ ಹೋದರು, ಏನಾಗಿತ್ತು, ಮಕ್ಕಳು ಬಂದರೇ ಎಂದು ಕೇಳಬಹುದು. ‘ನಿಮ್ಮ ಗಂಡನ ಹತ್ತಿರ ನಮ್ಮದೊಂದು ವಹಿ ಇತ್ತು, ಎಲ್ಲಿದೆ ತಾಯಿ’ ಎಂದು ಕೇಳಿದರೆ ಜನ ಮುಖಕ್ಕೆ ಉಗಿಯುತ್ತಾರೆ, ಉಗಿಯಬೇಕಾದದ್ದೇ.

*

ಎಪ್ಪತ್ತೆಂಟರ ಚಳಿಗಾಲದಲ್ಲಿ ರಾಯಚೂರಿನ ಒಂದು ಶಾಲೆಯಲ್ಲಿ ವಯಸ್ಕರ ಶಿಕ್ಷಣದ ತರಬೇತಿ ನಡೆಯಿತು. ಅಲ್ಲಿ ಹತ್ತು ದಿನ ಒಂದೇ ಜಮಖಾನೆಯ ಮೇಲೆ ಕೂತು ಐವರು ಗೆಳೆಯರಾದರು. ಪೋತ್ನಾಳದ ಪ್ರಾಥಮಿಕ ಶಾಲೆಯ ಹಂಪಯ್ಯ ಎಲ್ಲರಿಗಿಂತ ಹಿರಿಯರು. ಮಾನ್ವಿಯಲ್ಲಿ ವಾಚು ರಿಪೇರಿ ಮಾಡುತ್ತಿದ್ದ ಅಬ್ದುಲ್ ವಹೀದ್, ದೇವದುರ್ಗದ ಹೈಸ್ಕೂಲು ಮಾಸ್ತರ ಹನುಮಂತ್ರಾಯ, ಜಾಲಹಳ್ಳಿಯ ದವಾಖಾನೆಯ ನರ್ಸು ಸೂಗಮ್ಮ. ಐದನೆಯವನು ರಾಯಚೂರಿನ ಪಕೀರಪ್ಪ. ಕಚೇರಿಯಲ್ಲಿ ಆವಕ–ಜಾವಕದ ಗುಮಾಸ್ತ. ಬಂದ ಕಾಗದಕ್ಕೊಂದು ಮುದ್ರೆ, ಹೋಗುವ ಕಾಗದಕ್ಕೊಂದು ಮುದ್ರೆ. ಅವನ ಬಾಯಿಗೆ ಮಾತ್ರ ಜಾವಕವೇ ಹೊರತು ಆವಕವಿರಲಿಲ್ಲ.

“ಕಾರ್ಡ್ ಬರದ್ರ ಒಬ್ಬರಿಗಷ್ಟ ಮುಟ್ತದ,” ಎಂದರು ಹಂಪಯ್ಯ, ಕೊನೆಯ ದಿನ ಊಟದ ಹೊತ್ತಿನಲ್ಲಿ. “ಒಂದ್ ವಹಿ ಮಾಡೋಣು. ಒಬ್ಬರು ಬರದು ಮುಂದಿನವರಿಗೆ ಕಳಸೋದು. ಅವರು ಓದಿ, ತಮ್ಮದು ಬರದು, ಅವರ ಮುಂದಿನವರಿಗೆ. ಸುತ್ತಿ ಬರೋದ್ರಾಗ ಐದೂ ಮಂದಿ ಕೂಡಿ ಮಾತಾಡಿದ್ಹಂಗ ಆಗ್ತದ.”

ಹೀಗೆ ಸುತ್ತುವಹಿ ಹುಟ್ಟಿತು. ಹಸಿರು ಬಟ್ಟೆಯಲ್ಲಿ ಕಟ್ಟಿ ಕಂಡಕ್ಟರನ ಕೈಗೆ ಕೊಟ್ಟರೆ ಅದು ರಾಯಚೂರಿನಿಂದ ಮಾನ್ವಿಗೆ, ಮಾನ್ವಿಯಿಂದ ಪೋತ್ನಾಳಕ್ಕೆ, ಅಲ್ಲಿಂದ ದೇವದುರ್ಗ, ಜಾಲಹಳ್ಳಿ ಸುತ್ತಿ ಮತ್ತೆ ರಾಯಚೂರಿಗೆ ಬರುತ್ತಿತ್ತು. ಕಂಡಕ್ಟರಿಗೆ ಒಂದು ಚಹ ಕುಡಿಸಿದರೆ ಆಯಿತು.

ಮೊದಲ ಪುಟದಲ್ಲಿ ಹಂಪಯ್ಯ ತಮ್ಮ ದುಂಡು ಅಕ್ಷರದಲ್ಲಿ ನಡಾವಳಿ ಬರೆದರು. ಮದುವೆ ಪಂಕ್ತಿಯಲ್ಲಿ ಎಲೆಯ ಯಾವ ಮೂಲೆಗೆ ಉಪ್ಪು ಬಡಿಸಬೇಕು ಎನ್ನುವಷ್ಟು ಖಚಿತವಾದ ನಡಾವಳಿ. ಹಿಂದಿನವರು ಬರೆದದ್ದನ್ನೆಲ್ಲ ಓದದೆ ತಮ್ಮದು ಬರೆಯಬಾರದು. ಒಂದು ವಿಷಯದ ಕೆಳಗೆ ಇನ್ನೊಂದನ್ನು ತುರುಕಬಾರದು. ಮಾತಿಗೆ ಉತ್ತರ ಕೊಡಬೇಕು, ಮನುಷ್ಯನಿಗಲ್ಲ. ಒಬ್ಬರಿಗೆ ಹೇಳುವುದಿದ್ದರೆ ಕಾರ್ಡು ಬರೆಯಬೇಕು, ಐವರ ಮುಂದೆ ಹರವಬಾರದು. ದಪ್ಪ ಅಕ್ಷರ ಬರೆದರೆ ಕೂಗಿದ ಹಾಗೆ. ಸಿಟ್ಟಿನಲ್ಲಿ ಬರೆದದ್ದನ್ನು ಒಂದು ರಾತ್ರಿ ಮನೆಯಲ್ಲೇ ಇಟ್ಟುಕೊಂಡು ಬೆಳಿಗ್ಗೆ ಇನ್ನೊಮ್ಮೆ ನೋಡಬೇಕು. ಮೂರು ದಿನಕ್ಕಿಂತ ಹೆಚ್ಚು ವಹಿಯನ್ನು ಇಟ್ಟುಕೊಳ್ಳಬಾರದು, ಪುಟ ಹರಿಯಬಾರದು.

“ಸಾಲಿ ಮಕ್ಕಳೇನ್ರೀ ನಾವು?” ಎಂದು ಪಕೀರಪ್ಪ ಆಗಲೇ ಗೊಣಗಿದ್ದ. ಹಂಪಯ್ಯ ನಕ್ಕಿದ್ದರು.

ಅವತ್ತೇ ಸಂಜೆ, ಗಂಟು ಮೂಟೆ ಕಟ್ಟುವಾಗ, ಹಂಪಯ್ಯ ತಮ್ಮ ತಾಯಿಯ ಮಾತು ತೆಗೆದರು. ಯಾರೂ ಕೇಳಿರಲಿಲ್ಲ. “ನಮ್ಮವ್ವ ಶಾಲಿ ಕಸ ಗುಡಸ್ತಿದ್ಲು. ಕಸದಾಗ ಬಿದ್ದ ಬಳಪದ ಚೂರು ಆರಿಸಿ ಸೆರಗಿನ್ಯಾಗ ಕಟಗೊಂಡು ಬರ್ತಿದ್ಲು. ಅದರಾಗ ಬರದು ಬರದು ನಾ ಮಾಸ್ತರ ಆದೆ. ಇದನ್ನ ಯಾರ ಮುಂದೂ ಹೇಳಿಲ್ಲ, ನಿಮ್ಮ ಮುಂದ ಹೇಳಬೇಕನ್ನಿಸ್ತು. ನಮ್ಮೈದು ಮಂದ್ಯಾಗ ಇರಲಿ.” ಪಕೀರಪ್ಪನ ಕಣ್ಣು ಆಗ ತೇವವಾಗಿದ್ದವು. ಅವನ ತಾಯಿಯೂ ಕಂಡವರ ಅಂಗಳ ಗುಡಿಸಿದವಳೇ. ಅವನು ಮಾತ್ರ ಅದನ್ನು ಅಲ್ಲಿ ಹೇಳಲಿಲ್ಲ.

*

ಭಜನೆಯವರು ತಾಳ ಕೆಳಗಿಟ್ಟು ನೀರು ಕುಡಿಯುತ್ತಿದ್ದರು. ಹಂಪಯ್ಯನವರ ಹೆಂಡತಿ ಯಮನಮ್ಮ ಗಂಡನ ಪಕ್ಕದಲ್ಲಿ ಕೂತಿದ್ದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಅವಳಿಗೆ ಆತು ಕುಳಿತವಳು ದುರುಗಮ್ಮ, ಗದ್ದೆ ಕೂಲಿಯವಳು. ಮಾಸ್ತರರ ಸಂಜೆ ಶಾಲೆಯಲ್ಲಿ ನಲವತ್ತು ದಾಟಿದ ಮೇಲೆ ಅಕ್ಷರ ಕಲಿತವಳು. ಯಮನಮ್ಮನಿಗೆ ಮಾತ್ರ ಅಕ್ಷರ ಹತ್ತಲಿಲ್ಲ. ಊರಿಗೆಲ್ಲ ಕಲಿಸಿದವರ ಮನೆಯಲ್ಲೇ ಕತ್ತಲೆ ಎಂದು ಜನ ಆಡಿಕೊಂಡರೆ, “ಓದಿ ಹೇಳಾಕ ಮನಿಯಾಗ ಒಬ್ಬರು ಇದ್ದಾರಲ್ಲ, ನನಗ್ಯಾಕ ಬೇಕು,” ಎನ್ನುತ್ತಿದ್ದಳು.

“ಯಾವೂರಾಯ್ತ್ರೀ ಯಪ್ಪಾ ನಿಮ್ಮದು?” ಎಂದಳು ಯಮನಮ್ಮ ತಲೆ ತಗ್ಗಿಸಿಕೊಂಡೇ, ಎದುರಿಗೆ ಬಂದು ಕೂತ ಪಕೀರಪ್ಪನಿಗೆ.

“ರಾಯಚೂರ್ರಿ. ಪಕೀರಪ್ಪ ಅಂತ.”

ಯಮನಮ್ಮ ಮುಖ ಎತ್ತಿದಳು. ಅಂಥ ದುಃಖದಲ್ಲೂ ಆ ಮುಖದಲ್ಲಿ ಒಂದು ಬೆಳಕು ಹಾದುಹೋಯಿತು. “ಯವ್ವಾ ದುರುಗಿ, ಇವರs ನೋಡು! ತಪ್ಪು ತಿಳೀಬ್ಯಾಡ್ರಿ ಪಕೀರಪ್ಪನೋರು!”

 ಚುಚ್ಚಿ ಆಡುತ್ತಿದ್ದಾಳೆ, ಎಲ್ಲ ತಿಳಿದಿದೆ ಎಂದುಕೊಂಡ ಪಕೀರಪ್ಪ.

“ನಿಮ್ಮ ಪುಟ ಬಂತಂದ್ರ ನಾನೂ ದುರುಗಿ ಎಲ್ಲಾ ಕೆಲಸ ಬಿಟ್ಟು ಕೂಡ್ತಿದ್ವಿರೀ,” ಎಂದಳು ಯಮನಮ್ಮ. “ಅವರು ಜೋರಾಗಿ ಓದೋರು. ‘ತಪ್ಪು ತಿಳೀಬ್ಯಾಡ್ರಿ ಹಂಪಯ್ಯನೋರೇ, ನನಗೆ ಬ್ಯಾರೆ ಅನಸ್ತದ’ ಅಂತ ಸುರು ಮಾಡ್ತಿದ್ರಿ ನೀವು. ಎಷ್ಟ್ ಮೆತ್ತಗ ಬರೀತೀರಿ! ನಾ ಇವರಿಗೆ ಅಂತಿದ್ದೆ, ಹೇಳೋ ಮಾತು ಆ ಪಕೀರಪ್ಪನೋರ ಹಂಗ ಹೇಳಬೇಕು ನೋಡ್ರಿ, ಸಕ್ಕರಿ ಕಲಸಿ ಔಷಧ ಕೊಟ್ಟಂಗ.”

 ತಪ್ಪು ತಿಳಿಯಬೇಡಿ ಎಂದು ಪಕೀರಪ್ಪ ಹುಟ್ಟಿದಾಗಿನಿಂದ ಯಾರಿಗೂ ಬರೆದವನಲ್ಲ. ‘ಇದು ಮೂರ್ಖ ಮಾತು’, ‘ಹಂಪಯ್ಯನವರಿಗೆ ತಿಳಿಯದಿದ್ದರೆ ಸುಮ್ಮನಿರಲಿ’, ‘ಮಾಸ್ತರಿಕೆ ಶಾಲೆಯಲ್ಲಿರಲಿ’ — ಆರು ವರ್ಷ ಅವನು ಬರೆದದ್ದು ಇಂಥವೇ. ಈ ಮನುಷ್ಯ ಆ ಒಂದೊಂದು ಸಾಲಿನ ಮುಳ್ಳು ಮುರಿದು ಹೆಂಡತಿಗೆ ಓದಿ ಹೇಳಿದ್ದಾನೆ. ಮನೆಯೊಳಗೆ ಪಕೀರಪ್ಪನ ಮರ್ಯಾದೆ ಕಾಯ್ದಿದ್ದಾನೆ. ಒಂದು ಸಲವೂ ಅದನ್ನು ತನಗೆ ತಿಳಿಸಲಿಲ್ಲ. ಪಕೀರಪ್ಪನಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಇಷ್ಟು ಒಳ್ಳೆಯವನಾಗುವ ಹಕ್ಕು ಈ ಮನುಷ್ಯನಿಗೆ ಯಾರು ಕೊಟ್ಟರು?

“ಈ ಸಲದ್ದು…” ಎಂದ ಪಕೀರಪ್ಪ. “ಈ ಸಲ ನಾ ಬರದದ್ದು ಓದಿದ್ರೇನ್ರಿ?”

“ಎಲ್ಲಿ ಓದ್ತಾರ್ರೀ! ವಹಿ ಬರಲೇ ಇಲ್ಲಲ್ಲ.”

ಅಂದರೆ ಓದಿಲ್ಲ! ಪಕೀರಪ್ಪನ ಮೈಯೊಳಗೆ ಬೆಳಗಿನಿಂದ ಬಿಗಿದಿದ್ದ ಹಗ್ಗ ಸಡಿಲಾಯಿತು. ಹೆಣದ ಮುಂದೆ ಕೂತು ಅವನಿಗೆ ಖುಷಿಯಾಯಿತು. ಖುಷಿಯಾದದ್ದು ಕಂಡುಬಿಟ್ಟೀತೆಂದು ತಲೆ ತಗ್ಗಿಸಿದ.

“ದಿನಾ ಸಂಜಿಕ ಬಸ್ ಸ್ಟಾಪಿಗೆ ಹೋಗೋರು,” ಎಂದು ದುರುಗಮ್ಮ ಮಾತು ಮುಂದುವರಿಸಿದಳು. “ಶಾಲಿ ಬಿಟ್ಟ ಕೂಡ್ಲೇ. ಹುಲಿಗೆಪ್ಪಗ ಕೇಳೋರು. ಆಂವ, ಮಾನ್ವಿಯಾಗ ಕೊಟ್ಟೀನ್ರಿ ಯಪ್ಪಾ, ಅನ್ನಾಂವ. ಹತ್ತು ದಿನಾ, ಹನ್ನೆರಡು ದಿನಾ. ಬಿಸಿಲು ನೋಡ್ರಿ ಹ್ಯಾಂಗದ.”

“ನಾ ಅಂದೆ,” ಎಂದಳು ಯಮನಮ್ಮ, “ಮಾನ್ವಿಗೆ ಹೋಗಿ ವಹೀದಣ್ಣಗ ಕೇಳ್ರಿ ಅಂತ. ‘ಬ್ಯಾಡs, ಅವರಿಗೇನು ಅಡಚಣಿ ಅದನೋ, ಕೇಳಿದ್ರ ಸಂಕೋಚ ಮಾಡಕೋತಾರ,’ ಅಂದ್ರು. ಆಮ್ಯಾಲ ಅವರಿಗೆ ಒಂದs ಚಿಂತಿ. ‘ನಾ ಏನರ ತಪ್ಪು ಬರದೆನೇನು? ಅವರೆಲ್ಲಾ ಕೂಡಿ ನನ್ನ ಬಿಟ್ರೇನು?’ ನಿನ್ನಿ ಸಂಜಿಕೂ ಹೋಗಿದ್ರು. ಬರಿಗೈಲೆ ಬಂದು, ಇಲ್ಲೇ, ಈ ಗ್ವಾಡಿಗೆ ಕೂತ್ರು. ‘ಇವತ್ತೂ ಇಲ್ಲ’ ಅಂದ್ರು. ಅದs ಕೊನೀ ಮಾತು.”

 ಪಕೀರಪ್ಪನ ಖುಷಿ ಎಲ್ಲಿತ್ತೋ ಅಲ್ಲೇ ಹುಳಿಯಾಯಿತು.

*

ಆ ಪುಟ ಬರೆದದ್ದು ಒಂದು ಭಾನುವಾರ. ರಾಯಚೂರಿನ ಅವನ ಓಣಿಯಲ್ಲಿ ನಾಲ್ಕು ದಿನದಿಂದ ನಲ್ಲಿ ನೀರಿಲ್ಲ. ಕಚೇರಿಯಲ್ಲಿ ಸಾಹೇಬರು ಎಲ್ಲರೆದುರು ಬೈದಿದ್ದರು. ಕೊಡ ಹೊತ್ತು ಬಂದು ಕೂತಾಗ ಮೇಜಿನ ಮೇಲೆ ಸುತ್ತುವಹಿ ಇತ್ತು.

ಹೋದ ಸುತ್ತಿನ ವಿಷಯ, ಹಳ್ಳಿಯ ವಾಚನಾಲಯಕ್ಕೆ ಯಾವ ಪತ್ರಿಕೆ ತರಿಸಬೇಕು ಎಂಬುದು. ಅದರ ಕೆಳಗೆ ಪಕೀರಪ್ಪ ಮೂರು ಪುಟ ನಲ್ಲಿ ನೀರಿನ ಬಗ್ಗೆ ಬರೆದಿದ್ದ. ಈಗ ಅಂಚಿನಲ್ಲಿ ಹಂಪಯ್ಯನವರ ಪೆನ್ಸಿಲು: ‘ನೀರಿನ ಮಾತು ಯೋಗ್ಯವಾದದ್ದು. ಆದರೆ ಇದು ವಾಚನಾಲಯದ ಪುಟ. ಬೇರೆ ಪುಟ ಮಾಡಿದರೆ ಎಲ್ಲರೂ ಉತ್ತರ ಕೊಡಲು ಅನುಕೂಲ.’

ತಪ್ಪೇನಿತ್ತು ಆ ಮಾತಿನಲ್ಲಿ? ಏನೂ ಇಲ್ಲ. ಅದಕ್ಕೇ ಅವನಿಗೆ ಉರಿಯಿತು. ತಪ್ಪಿದ್ದರೆ ಜಗಳವಾಡಬಹುದು, ಸರಿಯಾದ ಮಾತಿನ ಜೊತೆ ಏನು ಮಾಡುವುದು? ಕಚೇರಿಯಿಂದ ತಂದಿದ್ದ ಕೆಂಪು ಶಾಯಿ ತೆಗೆದ. ದಪ್ಪ ನಿಬ್ಬು ಹಾಕಿ, ಪೆನ್ಸಿಲಿನ ಮಾತಿದ್ದ ಅದೇ ಹಾಳೆಯ ಖಾಲಿ ಹಿಂಬದಿ ತಿರುಗಿಸಿದ.

“ನಾಳಿ ಬರೀರಿ. ಮೊದಲ ಉಣ್ರಿ,” ಎಂದಳು ಹೆಂಡತಿ ಬಾಲಮ್ಮ.

“ಸುಮ್ಮನಿರ್ತೀಯೇನು!”

ನಮಸ್ಕಾರವಿಲ್ಲ, ತಾರೀಖಿಲ್ಲ. ಒಂದೊಂದು ಅಕ್ಷರ ಹೆಬ್ಬೆರಳಿನ ಗಾತ್ರ. ‘ನಿಮ್ಮವ್ವ ಶಾಲೆಯ ಕಸ ಗುಡಿಸಿದಳು. ನೀವು ಮಾಸ್ತರರಾಗಿಯೂ ನಮ್ಮ ಮಾತಿನ ಕಸ ಗುಡಿಸುತ್ತ ಕೂತಿದ್ದೀರಿ. ನಿಮ್ಮ ಕೈಯಿಂದ ಕಸಬರಿಗೆ ಬಿಡಲಿಲ್ಲ.’ ಇಷ್ಟಕ್ಕೇ ಪುಟ ತುಂಬಿತು. ಬರೆದು ನೋಡಿದಾಗ ಹೊಟ್ಟೆ ತಣ್ಣಗಾಯಿತು, ಗಡದ್ದಾಗಿ ನಿದ್ದೆ ಬಂತು. ಸೋಮವಾರ ಬೆಳಿಗ್ಗೆ ಇನ್ನೊಮ್ಮೆ ಬಿಚ್ಚಿ ನೋಡದೆ ಹುಲಿಗೆಪ್ಪನ ಕೈಗೆ ಕೊಟ್ಟ.

ಬಸ್ಸು ಮೂಲೆ ತಿರುಗಿತೋ ಇಲ್ಲವೋ, ಹಂಪಯ್ಯ ಅವತ್ತು ಗಂಟು ಕಟ್ಟುತ್ತ ‘ನಮ್ಮೈದು ಮಂದ್ಯಾಗ ಇರಲಿ’ ಎಂದ ದನಿ ನೆನಪಾಯಿತು. “ಏ ಹುಲಿಗೆಪ್ಪಾ!” ಎಂದು ಓಡಿದ. ಯಾರು ನಿಲ್ಲಿಸುತ್ತಾರೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬರೆದ ಮಾತು ಹೋಗುವುದೂ ಇಲ್ಲ, ಬಸ್ಸು ಹತ್ತಿ ಊರೂರು ತಿರುಗುತ್ತದೆ. ಒಂದು ಕಾರ್ಡು ಬರೆದು ಕ್ಷಮೆ ಕೇಳಬಹುದಿತ್ತು. ಹನ್ನೆರಡು ದಿನ ನಾಳೆ ಬರೆಯುತ್ತೇನೆ, ನಾಳೆ ಬರೆಯುತ್ತೇನೆ ಎಂದುಕೊಂಡ. ಸಿಟ್ಟಿನ ಪುಟಕ್ಕೆ ಒಂದು ರಾತ್ರಿ ತಡೆಯದವನು ಕ್ಷಮೆಯ ಕಾರ್ಡಿಗೆ ಹನ್ನೆರಡು ರಾತ್ರಿ ತಡೆದ.

*

ವಹೀದ್ ಬಂದದ್ದು ಎರಡು ಗಂಟೆಗೆ. ಕಂಕುಳಲ್ಲಿ ಕೈಚೀಲ. ಮಾಸ್ತರರ ಮುಂದೆ ಬಹಳ ಹೊತ್ತು ನಿಂತು, ಕಣ್ಣೊರೆಸಿಕೊಂಡು ಹೊರಗೆ ಬಂದ. ಪಕೀರಪ್ಪ ಅವನ ರಟ್ಟೆ ಹಿಡಿದು ಮನೆಯ ಹಿಂದಿನ ಬೇವಿನ ಗಿಡದ ಹತ್ತಿರ ಎಳೆದೊಯ್ದ.

“ವಹಿ ಎಲ್ಲದ?”

“ನನ್ನ ಹಂತ್ಯಾಕ ಅದ.”

“ಹನ್ನೆರಡು ದಿನ ಇಟಗೊಂಡು ಕೂತೀಯೇನು? ಆ ಮನುಷ್ಯಾ ದಿನಾ ಬಿಸಿಲಾಗ ನಿಂತು ಕಾದಾನ. ನಾವೆಲ್ಲಾ ಕೂಡಿ ಅವನ್ನ ಬಿಟ್ವಿ ಅಂದ್ಕೊಂಡು ಸತ್ತಾನ!”

ವಹೀದ್ ಮೆಲುದನಿಯವನು. ವಾಚಿನ ಸಣ್ಣ ಹಲ್ಲುಗಳ ಜೊತೆ ಬದುಕಿದವನು. ಅವತ್ತು ಮಾತ್ರ ಅವನೂ ದನಿ ಏರಿಸಿದ. “ನಿನ್ನ ಪುಟ ಓದಿ ಮುಂದ ಕಳಸಾಕ ಮನಸ್ಸಾಗಲಿಲ್ಲ ಪಕೀರಪ್ಪ. ಸಿಟ್ಟಿಂದು ಒಂದು ರಾತ್ರಿ ತಡೀಬೇಕು ಅಂತ ಬರದಾರೋ ಇಲ್ಲೋ? ನೀ ತಡೀಲಿಲ್ಲ. ನಾನರ ತಡೀಬೇಕಂತ ತಡದೆ. ರಾಯಚೂರಿಗೆ ಬಂದು, ನಿನ್ನ ಮುಂದ ಕೂತು, ಇದು ಕಳಿಸಲೇನು ಬ್ಯಾಡೇನು ಅಂತ ಕೇಳಬೇಕಂತ ಮಾಡಿದ್ದೆ. ಅಂಗಡಿ ಬಿಟ್ಟು ಬರಾಕ ಆಗಲಿಲ್ಲ. ಇವತ್ತು, ನಾಳಿ ಅಂತ…”

“ಒಂದು ಮಾತು ಅವರಿಗೆ ಹೇಳಿ ಕಳಸಬಾರದಿತ್ತೇನು?”

“ಏನಂತ ಹೇಳ್ಲಿ? ನಿಮಗ ಬೈದು ಬರದದ್ದು ಬಂದದ, ಅದಕ್ಕ ಇಟಗೊಂಡೀನಿ ಅಂತ?”

 ಒಬ್ಬ ಮರ್ಯಾದೆ ಬಿಟ್ಟು ಬರೆದ. ಒಬ್ಬ ಮರ್ಯಾದೆಗೆ ಅಂಜಿ ತಡೆದ. ಇನ್ನೊಬ್ಬ ಮರ್ಯಾದೆಗೆ ಅಂಜಿ ಕೇಳದೆ ಸತ್ತ. ಪಕೀರಪ್ಪನಿಗೆ ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು, ಹೊಡೆಯಲು ತಾನೊಬ್ಬನೇ ಸಿಕ್ಕ.

“ಕೊಡು ಇಲ್ಲಿ. ಹರದು ಒಗೀತೀನಿ.”

“ಹರೀಬ್ಯಾಡ. ಅದs ಹಾಳಿ ಹಿಂದs ಅವರ ಪೆನ್ಸಿಲ್ ಅದ. ವಹಿಯಾಗ ಅವರು ಬರದ ಕೊನೀ ಮಾತು ಅದು.”

ಪಕೀರಪ್ಪ ಆಗಲೇ ಕೈಚೀಲಕ್ಕೆ ಕೈ ಹಾಕಿದ್ದ. ಹಸಿರು ಗಂಟು ಅರ್ಧ ಹೊರಗೆ ಬಂದಿತ್ತು. ಅಷ್ಟರಲ್ಲಿ ಹಿಂದಿನಿಂದ ಹನುಮಂತ್ರಾಯನ ದನಿ ಬಂತು. ದೇವದುರ್ಗದ ಬಸ್ಸಿಳಿದು ಅವನೂ ಸೂಗಮ್ಮನೂ ಹಿತ್ತಲ ದಾರಿಯಿಂದ ಬರುತ್ತಿದ್ದರು. ನಾಲ್ಕು ನೂರು ಹುಡುಗರಿಗೆ ಪ್ರಾರ್ಥನೆ ಹೇಳಿಸುವ ಗಂಟಲು ಅವನದು. ಪಿಸುಮಾತೂ ಓಣಿಗೆ ಕೇಳುತ್ತದೆ.

“ಓಹೋ, ವಹಿ ಬಂತೇನ್ರಪಾ! ಇನ್ನs ಬರಲಿಲ್ಲ ಅಂತ ಮಾಸ್ತರ್ರು ನನಗೂ ಕಾರ್ಡ್ ಬರದಿದ್ರು. ಒಂದ್ ದಿನ ಮೊದಲ ಬರಬಾರದಿತ್ತೇನು!”

“ಮೆಲ್ಲಕ ಮಾತಾಡೋ ಮಾರಾಯಾ,” ಎಂದು ಪಕೀರಪ್ಪ ಹಲ್ಲು ಕಚ್ಚಿದ.

ತಡವಾಗಿತ್ತು. ಹಿತ್ತಲ ಬಾಗಿಲಲ್ಲಿ ದುರುಗಮ್ಮ ನಿಂತಿದ್ದಳು. ಅವಳು ಒಳಗೆ ತಿರುಗಿ, “ಯಕ್ಕಾ, ವಹಿ ಬಂದದಂತ!” ಎಂದು ಕೂಗಿದಳು.

*

ಭಜನೆಯವರು ಮತ್ತೆ ತಾಳ ಎತ್ತಿಕೊಂಡಿದ್ದರು. ಯಮನಮ್ಮ ಕೈ ಮಾಡಿ ನಿಲ್ಲಿಸಿದಳು.

“ಹೊತ್ತಾಗ್ತದ ಯವ್ವಾ, ಎತ್ತಬೇಕು,” ಎಂದ ಬಾಗಿಲ ಮುದುಕ.

“ಒಂದು ಗಳಿಗಿ ತಡೀರಿ. ಹನ್ನೆರಡು ದಿನ ಕಾದಾರ. ಕೇಳಿಸ್ಕೊಂಡು ಹೋಗ್ಲಿ.” ಅವಳು ಪಕೀರಪ್ಪನ ಕಡೆ ನೋಡಿದಳು. “ಇದ್ರಾಗ ಕೊನೀದು ನಿಮ್ಮದs ಅಲ್ರೀ? ನೀವs ಓದ್ರಿ. ಬರದಾವರ ಬಾಯಿಂದ ಕೇಳಲಿ.”

“ಆಮ್ಯಾಲ ಓದೋಣ್ರಿ ಯವ್ವಾ,” ಎಂದ ವಹೀದ್.

“ಆಮ್ಯಾಲ ಯಾವಾಗ್ರೀ ಯಣ್ಣಾ?”

 ಹನುಮಂತ್ರಾಯನೇ ಮುಂದೆ ಬಂದು ಗಂಟು ಬಿಚ್ಚಿ, ಒಳ್ಳೆಯ ಕೆಲಸ ಮಾಡುವವನ ಹಾಗೆ ವಹಿಯನ್ನು ಪಕೀರಪ್ಪನ ಕೈಗೆ ಇಟ್ಟ. ಪಕೀರಪ್ಪ ಹೆಣದ ಎದುರು ಮಂಡಿಯೂರಿದ. ಪುಟ ತೆಗೆದ. ಬಿಸಿಲು ಬಾಗಿಲಿನಿಂದ ನೇರವಾಗಿ ಹಾಳೆಯ ಮೇಲೆ ಬಿದ್ದು ಕೆಂಪು ಅಕ್ಷರಗಳು ಕಣ್ಣಿಗೆ ರಾಚಿದವು. ಬಗ್ಗಿ ನೋಡಿದ ಸೂಗಮ್ಮ ಒಂದೇ ಸಲಕ್ಕೆ ಓದಿ ಮುಗಿಸಿದಳು. ಸೆರಗು ಬಾಯಿಗೆ ಒತ್ತಿಕೊಂಡಳು.

“ತಪ್ಪು ತಿಳಿಯಬೇಡಿ ಹಂಪಯ್ಯನವರೇ,” ಎಂದು ಶುರು ಮಾಡಿದ ಪಕೀರಪ್ಪ.

ಯಮನಮ್ಮ ತಲೆದೂಗಿದಳು. ಹೌದು, ಇವರು ಹೀಗೇ ಶುರು ಮಾಡುವುದು.

“ನೀವು ಪೆನ್ಸಿಲಿನಲ್ಲಿ ಬರೆದದ್ದು ಸರಿಯಾಗಿದೆ. ನೀರಿನ ಮಾತನ್ನು ನಾನು ಬೇರೆ ಪುಟಕ್ಕೆ ಬರೆಯಬೇಕಾಗಿತ್ತು. ನನ್ನ ಸ್ವಭಾವ ನಿಮಗೆ ಗೊತ್ತಿದೆ. ಬಾಯಿಗೆ ಬಂದದ್ದನ್ನೆಲ್ಲ ಬರೆಯುತ್ತೇನೆ. ನೀವು ಆರು ವರ್ಷ ಅದನ್ನು ಸಹಿಸಿಕೊಂಡು…” ಕಣ್ಣು ಕೆಂಪು ಸಾಲುಗಳ ಮೇಲೆ ಎಡದಿಂದ ಬಲಕ್ಕೆ ಓಡುತ್ತಿತ್ತು, ಬಾಯಿ ಬೇರೆಯದನ್ನೇ ಹೇಳುತ್ತಿತ್ತು. ಹನ್ನೆರಡು ದಿನ ಕಾರ್ಡಿನ ಮೇಲೆ ಬಾರದ ಮಾತು ಈಗ ತಾನಾಗಿ ಬಂತು. “ನನ್ನ ಮಾತಿನಿಂದ ನಿಮಗೆ ನೋವಾಗಿದ್ದರೆ, ಹಿರಿಯರು ನೀವು, ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು. ನಮ್ಮವ್ವನೂ ಕಂಡವರ ಅಂಗಳ ಗುಡಿಸಿದವಳು. ನಾನು ಅವತ್ತು ಅದನ್ನು ಹೇಳಲಿಲ್ಲ. ನಿಮಗಿದ್ದ ಧೈರ್ಯ ನನಗಿರಲಿಲ್ಲ.”  ಕಣ್ಣೀರು ವಹಿಯ ಮೇಲೆ ಬಿದ್ದು ಕೆಂಪು ಶಾಯಿ ಒಂದು ಕಡೆ ಹರಡಿತು. ಆರು ವರ್ಷದಲ್ಲಿ ಪಕೀರಪ್ಪ ನಿಜವಾಗಿ ಹೇಳಿದ ಮಾತು ಅದೊಂದೇ. ಅದನ್ನೂ ಅವನು ಬರೆದಿರಲಿಲ್ಲ.

 ಬಾಗಿಲ ಮುದುಕ ಮೂಗು ಒರೆಸಿಕೊಂಡ.

“ಇನ್ನೊಮ್ಮೆ ಓದ್ರಿ,” ಎಂದಳು ಯಮನಮ್ಮ. “ಸಾವಕಾಶ ಓದ್ರಿ. ಅವರು ಯಾವಾಗ್ಲೂ ನನಗ ಎರಡು ಸಲ ಓದತಿದ್ರು.”

ಪಕೀರಪ್ಪ ಬಾಯಿ ತೆರೆದ. ಮೊದಲು ಏನೆಂದೆ? ಸಹಿಸಿಕೊಂಡು ಎಂದ ಮೇಲೆ ಏನು? ಎದುರಿಗಿದ್ದ ಹಾಳೆಯಲ್ಲಿ ಅವನ ನೆನಪಿಗೆ ಒದಗುವ ಒಂದು ಅಕ್ಷರವೂ ಇರಲಿಲ್ಲ. “ತಪ್ಪು ತಿಳಿಯಬೇಡಿ…” ಎಂದು ನಿಂತ. ಮತ್ತೆ “ತಪ್ಪು ತಿಳಿಯಬೇಡಿ,” ಎಂದ.

“ಪಾಪ, ಅವರಿಗೆ ದುಕ್ಕ ಉಕ್ಕಿ ಬಂದದ,” ಎಂದು ದುರುಗಮ್ಮ ಕೈ ಚಾಚಿದಳು. “ಕೊಡ್ರಿ ಇಲ್ಲಿ, ನಾ ಓದ್ತೀನಿ.”

“ಬ್ಯಾಡ ಬ್ಯಾಡ,” ಎಂದ ವಹೀದ್.

“ಯಾಕ್ರೀ ಯಣ್ಣಾ? ಸಣ್ಣಕ್ಷರ ನನಗ ಹತ್ತಂಗಿಲ್ಲ ಖರೇ. ಇದು ನೋಡ್ರಿ, ನನ್ನಂಥಾಕಿ ಓದ್ಲಿ ಅಂತs ಎಷ್ಟು ದೊಡ್ಡದಾಗಿ ಬರದಾರ.”

ಪಕೀರಪ್ಪ ವಹಿಯನ್ನು ಬಿಗಿಯಾಗಿ ಹಿಡಿದ. ದುರುಗಮ್ಮ ಇನ್ನೊಂದು ಅಂಚು ಹಿಡಿದಳು. ಹೆಣದ ಮುಂದೆ ಜಗ್ಗಾಡುವ ಹಾಗಿಲ್ಲ. ಎಲ್ಲರೂ ನೋಡುತ್ತಿದ್ದರು. ಅವನ ಬೆರಳು ಸಡಿಲಾದವು.

ದುರುಗಮ್ಮ ಕಾಲು ಮಡಿಚಿ ಸರಿಯಾಗಿ ಕುಳಿತಳು. ವಹಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಾಸ್ತರರು ಹೇಳಿಕೊಟ್ಟಂತೆ ಬೆರಳನ್ನು ಮೊದಲ ಅಕ್ಷರದ ಕೆಳಗೆ ಒತ್ತಿದಳು.

“ನಿ… ಮ್ಮ… ವ್ವ. ನಿಮ್ಮವ್ವ!” ಎಂದು ತಲೆ ಎತ್ತಿ ನೋಡಿದಳು, ಸರಿಯಾಯಿತೇ ಎನ್ನುವ ಹಾಗೆ.

ಯಮನಮ್ಮನ ಮುಖ ಅರಳಿತು. “ಅತ್ತಿ ಬಗ್ಗೇನೂ ಬರದಾರೇನs? ಅದನ್ನ ಓದs ಇಲ್ಲಲ್ರೀ ನೀವು! ಅತ್ತಿ ಅಂದ್ರ ಅವರಿಗೆ ಜೀವ. ಓದಬೇ ದುರುಗಿ. ಜೋರ್ ಓದು, ಅವರಿಗೆ ಕೇಳೂವಂಗ ಓದು.”

ಅವಳು ಗಂಡನ ಕಡೆ ಬಗ್ಗಿ, ಕೊರಳಿನಿಂದ ಕಿವಿಯವರೆಗೆ ಏರಿದ್ದ ಹೂಮಾಲೆಯನ್ನು ಕೆಳಕ್ಕೆ ಸರಿಸಿದಳು. ದುರುಗಮ್ಮನ ಬೆರಳು ಮುಂದಿನ ಕೆಂಪು ಅಕ್ಷರದ ಕೆಳಗೆ ಬಂದು ನಿಂತಿತು.